ಅರಳುಮರಳಿಗೂ ಅನ್ನದ ತಟ್ಟೆಗೂ ಏನು ನಂಟು?



ಡೊಂಬಿವಲಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಂಜೆ ಏಳು ಗಂಟೆ. ಮಗ ಇನ್ನೂ ಲೋಕಲ್‌ನಲ್ಲಿ ನೇತಾಡುತ್ತ ಥಾಣೆ ದಾಟಿಲ್ಲ. ಮನೆಯಲ್ಲಿ ಸೊಸೆ, ಮೊಮ್ಮಗಳು ಮತ್ತು ಎಪ್ಪತ್ತೆಂಟರ ಮಾವ. ಮಾವ ಹದಿಮೂರನೇ ವಯಸ್ಸಿಗೆ ಉಡುಪಿ ಕಡೆಯಿಂದ ಹೊರಟು ಬಂದವರು. ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ತಟ್ಟೆ ತೊಳೆದು, ಸಪ್ಲೈ ಮಾಡಿ, ಕೊನೆಗೆ ಗಲ್ಲಾ ಮೇಲೆ ಕುಳಿತವರು. ಹತ್ತು ಟೇಬಲಿನ ಬಿಲ್ಲನ್ನು ಕಾಗದವಿಲ್ಲದೆ ಕೂಡುತ್ತಿದ್ದ ತಲೆ ಅದು. ಅದೇ ಮಾವ ಅರ್ಧ ಗಂಟೆಯಲ್ಲಿ ಮೂರನೆಯ ಸಲ ಕೇಳುತ್ತಾರೆ: “ಹಾಲಿನವನಿಗೆ ದುಡ್ಡು ಕೊಟ್ಟೆಯಾ ಮಗಾ?” ಸೊಸೆ ತಾಳ್ಮೆಯಿಂದಲೇ, “ಕೊಟ್ಟಾಯ್ತು ಮಾವ” ಎನ್ನುತ್ತಾಳೆ. ಆಮೇಲೆ ಪಕ್ಕದ ಮನೆಯ ಅಕ್ಕನ ಹತ್ತಿರ, “ವಯಸ್ಸಾಯ್ತಲ್ಲ ಅಕ್ಕ, ಅರವತ್ತಕ್ಕೆ ಅರಳುಮರಳು ಅಂತಾರೆ, ಇವರಿಗೆ ಎಪ್ಪತ್ತೆಂಟು” ಎಂದು ಸಮಾಧಾನ ಹೇಳಿಕೊಳ್ಳುತ್ತಾಳೆ. ಆ ಅಕ್ಕ ಮದ್ದನ್ನೂ ಹೇಳುತ್ತಾರೆ: ರಾತ್ರಿ ನೆನೆಸಿಟ್ಟ ಐದು ಬಾದಾಮಿ, ತಿಮರೆಯ ಚಟ್ನಿ, ಮಲಗುವಾಗ ಅರಸಿನ ಹಾಲು.

ಥಾಣೆ, ಕಲ್ಯಾಣ್, ನವಿಮುಂಬಯಿಯ ನಮ್ಮ ಎಷ್ಟೋ ಮನೆಗಳಲ್ಲಿ ಇಂದು ಈ ಮಾತು ನಡೆಯುತ್ತಿದೆ. ಊಟಕ್ಕೂ ನೆನಪಿಗೂ ಸಂಬಂಧ ಉಂಟು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆದರೆ ಆ ಸಂಬಂಧ ಎಂಥದು? ಅದನ್ನು ತಿಳಿಯಲು ಜಗತ್ತಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯಲ್ಲಿ ನಮ್ಮ ಕುಚ್ಚಲಕ್ಕಿ ಉಂಟು, ಜೋಳದ ರೊಟ್ಟಿ ಉಂಟು, ಮುಂಬಯಿಯ ಗಿರಣಿ ಕಾರ್ಮಿಕ ಹೆಂಗಸರೂ ಇದ್ದಾರೆ. ಈ ಸಲ ಆ ಇತಿಹಾಸವನ್ನೇ ನೋಡೋಣ.

1901: ಎರಡು ಊರು, ಎರಡು ಆಸ್ಪತ್ರೆ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತೆಂಬುದು ಎಲ್ಲರಿಗೂ ಗೊತ್ತು. ಥಾಣೆಗೆ ಇನ್ನೊಂದು ಹೆಸರೂ ಅಂಟಿಕೊಂಡಿತು. 1901ರಲ್ಲಿ ಅಲ್ಲಿ ಮಾನಸಿಕ ಆಸ್ಪತ್ರೆ ಆರಂಭವಾಯಿತು. “ಇವನನ್ನು ಥಾಣೆಗೆ ಕಳಿಸಬೇಕು” ಎಂಬ ತಮಾಷೆಯ ಮಾತು ಮುಂಬಯಿಯಲ್ಲಿ ಹುಟ್ಟಿದ್ದು ಹಾಗೆ. ಥಾಣೆಯಲ್ಲಿ ಮನೆ ಮಾಡಿರುವ ನಮಗೆಲ್ಲ ನೆಂಟರು ಈ ಮಾತು ಹೇಳಿ ನಕ್ಕಿದ್ದು ನೆನಪಿರಬಹುದು.

ಅದೇ 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಆಕೆಗೆ ತನ್ನ ಹೆಸರನ್ನು ಬರೆಯುವುದೂ ಕಷ್ಟವಾಗಿತ್ತು. ಆಕೆಯನ್ನು ನೋಡಿಕೊಂಡ ವೈದ್ಯ ಅಲೋಯಿಸ್ ಅಲ್ಝೈಮರ್. ಆಕೆ 1906ರಲ್ಲಿ ತೀರಿಕೊಂಡಾಗ ಅವರು ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಕಂಡ ಗಂಟು ಮತ್ತು ಕಲೆಗಳನ್ನು ಅದೇ ವರ್ಷ ನವೆಂಬರಿನಲ್ಲಿ ವೈದ್ಯರ ಸಭೆಯ ಮುಂದಿಟ್ಟರು. 1910ರಲ್ಲಿ ಆ ಕಾಯಿಲೆಗೆ ಅವರದೇ ಹೆಸರು ಬಂತು.

ಆ ಕಾಲದಲ್ಲಿ ಬುದ್ಧಿ ಕೆಟ್ಟಿತು ಎಂದು ಆಸ್ಪತ್ರೆ ಸೇರಿದ ಎಲ್ಲರಿಗೂ ಅಲ್ಝೈಮರ್ ಕಾಯಿಲೆಯೇ ಇರಲಿಲ್ಲ. ಅನೇಕರ ಮೆದುಳು ಹಸಿದಿತ್ತು. ಹೊಟ್ಟೆ ತುಂಬಿದ್ದರೂ ಮೆದುಳು ಹಸಿದಿರಬಹುದು ಎಂಬ ಸಂಗತಿ ಆಗ ಯಾರಿಗೂ ಹೊಳೆದಿರಲಿಲ್ಲ. ಅದನ್ನು ಮೊದಲು ತೋರಿಸಿಕೊಟ್ಟದ್ದು ಕೋಳಿಗಳು!

ಕುಚ್ಚಲಕ್ಕಿಯ ಗುಟ್ಟು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಂತ್ರದ ಅಕ್ಕಿ ಗಿರಣಿಗಳು ಏಷ್ಯಾದ ತುಂಬ ಹರಡಿದವು. ಒನಕೆಯಲ್ಲಿ ಕುಟ್ಟಿದ ಅಕ್ಕಿಯ ಬದಲು ಮಲ್ಲಿಗೆಯಂಥ ಬಿಳಿ ಅಕ್ಕಿ ಬಂತು. ಅದರ ಬೆನ್ನಿಗೇ ಬೆರಿಬೆರಿ ಎಂಬ ರೋಗವೂ ಹಬ್ಬಿತು. ಕಾಲಿನ ಬಲ ಹೋಗುವುದು, ಮೈ ಊದಿಕೊಳ್ಳುವುದು, ಹೃದಯ ಸೋಲುವುದು ಅದರ ಲಕ್ಷಣ. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಇದು ರೋಗಾಣುವಿನ ಕೆಲಸವೆಂದು ತಿಳಿದು ಕೋಳಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಕೋಳಿಗಳ ಕಾಲು ಸೋತವು. ಅಷ್ಟರಲ್ಲಿ ಅಡುಗೆಯವನು ಬದಲಾದ. ಮಿಲಿಟರಿಯ ಅನ್ನವನ್ನು ಸಿವಿಲ್ ಕೋಳಿಗಳಿಗೆ ಕೊಡಲು ಹೊಸಬ ಒಪ್ಪಲಿಲ್ಲ. ಕೋಳಿಗಳಿಗೆ ಅಗ್ಗದ, ತೌಡು ಹೋಗದ ಅಕ್ಕಿಯೇ ಗತಿಯಾಯಿತು. ಕೆಲವೇ ದಿನಗಳಲ್ಲಿ ಅವು ಎದ್ದು ಓಡಾಡತೊಡಗಿದವು! ಬಿಳಿ ಅಕ್ಕಿಯಲ್ಲಿ ಇಲ್ಲದ್ದು ತೌಡಿನಲ್ಲಿ ಏನೋ ಉಂಟು ಎಂದು ತಿಳಿದದ್ದು ಹೀಗೆ. ಆ ‘ಏನೋ’ ಮುಂದೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಎಂದು ಹೆಸರಾಯಿತು. 1929ರಲ್ಲಿ ಐಕ್‌ಮನ್ನರಿಗೆ ನೊಬೆಲ್ ಪಾರಿತೋಷಕ ಬಂತು. 1936ರಲ್ಲಿ ಬಿ1ನ ರಚನೆಯನ್ನು ಬಿಡಿಸಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಅಮೆರಿಕನ್ ವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ.

ಇದಕ್ಕೂ ನೆನಪಿಗೂ ಏನು ಸಂಬಂಧ? 1881ರಲ್ಲಿ ಜರ್ಮನಿಯ ವೆರ್ನಿಕೆ, 1887ರಲ್ಲಿ ರಷ್ಯಾದ ಕೊರ್ಸಕೋವ್ ಎಂಬ ವೈದ್ಯರು ಒಂದು ವಿಚಿತ್ರ ಮರೆವನ್ನು ವರ್ಣಿಸಿದ್ದರು. ಹೆಚ್ಚು ಮದ್ಯ ಕುಡಿಯುವವರಲ್ಲಿ ಅದು ಜಾಸ್ತಿ. ರೋಗಿಗೆ ಐದು ನಿಮಿಷದ ಹಿಂದಿನದು ನೆನಪಿರದು, ಆದರೆ ಆ ಖಾಲಿ ಜಾಗಕ್ಕೆ ಕಟ್ಟುಕಥೆ ತುಂಬಿ ಆತ ನಂಬಿಕೆಯಿಂದ ಹೇಳುತ್ತಾನೆ. ಇದರ ಬೇರೂ ಬಿ1ರ ಕೊರತೆಯೇ ಎಂದು ಮುಂದೆ ತಿಳಿಯಿತು. ಮೆದುಳು ಸಕ್ಕರೆಯನ್ನು ಶಕ್ತಿಯಾಗಿ ಉರಿಸಲು ಬಿ1 ಬೇಕೇ ಬೇಕು. ಆರಂಭದಲ್ಲೇ ಇಂಜೆಕ್ಷನ್ ಕೊಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾನೆ. ತಡವಾದರೆ ಹೋದ ನೆನಪು ಪೂರ್ತಿ ಮರಳುವುದು ಕಷ್ಟ. ಈ ಮಾತನ್ನು ನೆನಪಿಡಿ, ಮುಂದೆಯೂ ಇದು ಬರುತ್ತದೆ.

ಇನ್ನು ನಮ್ಮ ದೇಶದ ಕಥೆ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ಬೆರಿಬೆರಿಯ ಶೋಧನೆಗೆಂದೇ ಒಂದು ಚಿಕ್ಕ ಕೇಂದ್ರ ತೆರೆದರು. ಇಂದಿನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಅದೇ. 1924ರಲ್ಲಿ ಅವರೂ ಅವರ ಸಹೋದ್ಯೋಗಿ ನಾರಿಸ್ ಅವರೂ ಪ್ರಕಟಿಸಿದ ವರದಿ ಭಾರತದಲ್ಲಿ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧವನ್ನು ಕುರಿತದ್ದು. ಗಿರಣಿಯ ಬೆಳ್ತಿಗೆ ಅಕ್ಕಿ ಉಣ್ಣುವ ಆಂಧ್ರ ಕರಾವಳಿಯಲ್ಲಿ ಬೆರಿಬೆರಿ ಇತ್ತು. ಅಷ್ಟೇ ಬಡತನವಿದ್ದರೂ ಕುಚ್ಚಲಕ್ಕಿ ಉಣ್ಣುವ ಕಡೆಗಳಲ್ಲಿ ಅದು ವಿರಳ!

ಗುಟ್ಟು ಸರಳ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟುವುದರಿಂದ ತೌಡಿನಲ್ಲಿದ್ದ ಬಿ1 ನೀರಿನೊಂದಿಗೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಅದರ ಬಹುಭಾಗ ಉಳಿಯುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಅಜ್ಜಿಯರಿಗೆ ವಿಟಮಿನ್ ಎಂಬ ಶಬ್ದ ಗೊತ್ತಿರಲಿಲ್ಲ. ಹೊಟ್ಟೆ ತಡೆಯುತ್ತದೆ, ಬೇಗ ಹಸಿಯದು ಎಂಬುದಷ್ಟೇ ಗೊತ್ತಿತ್ತು. ಗಂಜಿಯನ್ನು ತಿಳಿಸಹಿತ ಕುಡಿಯುತ್ತಿದ್ದುದೂ ಲಾಭದ ಕೆಲಸವೇ, ಏಕೆಂದರೆ ಬಸಿದು ಚೆಲ್ಲಿದ ನೀರಿನಲ್ಲಿ ಈ ವಿಟಮಿನ್ನೂ ಹೊರಟುಹೋಗುತ್ತದೆ.

1998ರಲ್ಲಿ ಕೊಂಕಣ ರೈಲು ಉದ್ಘಾಟನೆಯಾದ ಮೇಲೆ ಥಾಣೆಯಲ್ಲೋ ಪನ್ವೇಲ್‌ನಲ್ಲೋ ಇಳಿಯುವ ನಮ್ಮವರ ಸಾಮಾನಿನಲ್ಲಿ ಹಲಸಿನ ಹಪ್ಪಳದ ಜೊತೆ ಒಂದು ಕುಚ್ಚಲಕ್ಕಿ ಚೀಲ ಇರುತ್ತಿತ್ತು. ಕೂಲಿಯ ಜೊತೆ ಜಗಳವಾಡಿಯಾದರೂ ಅದನ್ನು ತರುತ್ತಿದ್ದರು. ಅದು ಊರಿನ ಮೋಹವೆಂದು ಮಕ್ಕಳು ನಗುತ್ತಿದ್ದರು. ಮೋಹವೇ ಇರಲಿ, ಅದರಲ್ಲಿ ವಿಜ್ಞಾನವೂ ಇತ್ತು.

ರೊಟ್ಟಿಯ ಪಕ್ಕದಲ್ಲಿ ಏನಿತ್ತು?

ಕರಾವಳಿಯ ಮಾತು ಆಯಿತು. ಕಲ್ಯಾಣ್, ಡೊಂಬಿವಲಿಗಳಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ನಮ್ಮ ಮಂದಿಯೂ ಇದ್ದಾರೆ. ಅವರ ಜೋಳದ ರೊಟ್ಟಿಗೂ ಈ ಇತಿಹಾಸದಲ್ಲಿ ದೊಡ್ಡ ಪಾತ್ರವಿದೆ. ಅದಕ್ಕೆ ಮೊದಲು ಅಮೆರಿಕಕ್ಕೆ ಒಂದು ಗಳಿಗೆ ಹೋಗಿ ಬರೋಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ ಪೆಲಾಗ್ರಾ ಎಂಬ ರೋಗ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಭೇದಿ, ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತಾಗುವುದು, ಬುದ್ಧಿಭ್ರಮಣೆ, ಕೊನೆಗೆ ಸಾವು. ಇಂಗ್ಲಿಷಿನಲ್ಲಿ ನಾಲ್ಕೂ ‘ಡಿ’ ಅಕ್ಷರದಿಂದ ಶುರುವಾಗುವ ಶಬ್ದಗಳು, ಅದರಲ್ಲಿ ಒಂದು ಡಿಮೆನ್ಷಿಯಾ. ಅಲ್ಲಿನ ಹುಚ್ಚಾಸ್ಪತ್ರೆಗಳಲ್ಲಿ ಇಂಥ ರೋಗಿಗಳು ತುಂಬಿದ್ದರು. ಎಲ್ಲರೂ ಇದು ಅಂಟುರೋಗ ಎನ್ನುತ್ತಿದ್ದಾಗ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಒಂದು ಸಣ್ಣ ಸಂಗತಿ ಗಮನಿಸಿದರು. ಅದೇ ಆಸ್ಪತ್ರೆಯಲ್ಲಿ ದುಡಿಯುವ ದಾದಿಯರಿಗೆ ರೋಗ ಬರುವುದಿಲ್ಲ, ಏಕೆ? ದಾದಿಯರ ಊಟ ಬೇರೆ, ರೋಗಿಗಳ ಊಟ ಬೇರೆ. 1915ರಲ್ಲಿ ಮಿಸಿಸಿಪ್ಪಿಯ ಜೈಲೊಂದರಲ್ಲಿ ಬಿಡುಗಡೆಯ ಆಸೆಗೆ ಒಪ್ಪಿಕೊಂಡ ಹನ್ನೊಂದು ಕೈದಿಗಳಿಗೆ ಮೆಕ್ಕೆಜೋಳವೇ ಮುಖ್ಯವಾದ, ಹಾಲು-ಮಾಂಸವಿಲ್ಲದ ಊಟ ಕೊಟ್ಟರು. ಕೆಲವೇ ತಿಂಗಳಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ರೋಗ ಕಾಣಿಸಿತು. ಜಾರ್ಜಿಯಾದ ಆಸ್ಪತ್ರೆಯಲ್ಲಿ ಹಾಲು, ಮೊಟ್ಟೆ, ಕಾಳು, ಮಾಂಸ ಕೊಟ್ಟಾಗ ರೋಗ ದೂರವಾಯಿತು. ಕೊರತೆಯಿದ್ದ ವಸ್ತು ನಯಾಸಿನ್, ಅಂದರೆ ಬಿ3 ಎಂದು 1937ರಲ್ಲಿ ತಿಳಿಯಿತು.

ಭಾರತದಲ್ಲಿ ಮೆಕ್ಕೆಜೋಳ ತಿನ್ನದ ದಖ್ಖನಿನಲ್ಲಿಯೂ ಪೆಲಾಗ್ರಾ ಕಾಣಿಸಿತು! ಹೈದರಾಬಾದಿನ ಸುತ್ತಮುತ್ತ, ಬರೀ ಬಿಳಿಜೋಳದ ಮೇಲೆ ಬದುಕುವ ಬಡ ಕೂಲಿಕಾರರಲ್ಲಿ. ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೊಂದು ವಿವರಣೆ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿದೆ, ಅದು ದೇಹ ನಯಾಸಿನ್ ತಯಾರಿಸಿಕೊಳ್ಳುವುದಕ್ಕೆ ಅಡ್ಡ ಬರುತ್ತದೆ ಎಂದು. ಈ ವಿವರಣೆಯ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ವಾದವಿವಾದ ನಡೆಯಿತು. ಆದರೆ ರೋಗ ಇದ್ದದ್ದು ನಿಜ.

ಹಾಗಾದರೆ ರೊಟ್ಟಿ ಬಿಡಬೇಕೇ? ಖಂಡಿತ ಬೇಡ! ಉತ್ತರ ಕರ್ನಾಟಕದ ತುಂಬಿದ ತಟ್ಟೆಯನ್ನು ನೋಡಿ. ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಗಟ್ಟಿ ಮೊಸರು. ಶೇಂಗಾದಲ್ಲಿ ನಯಾಸಿನ್ ಸಮೃದ್ಧವಾಗಿದೆ. ಮೊಸರು, ಕಾಳುಗಳ ಪ್ರೋಟೀನಿನಿಂದ ದೇಹ ತಾನೇ ನಯಾಸಿನ್ ಮಾಡಿಕೊಳ್ಳುತ್ತದೆ. ಪೆಲಾಗ್ರಾ ಬಂದದ್ದು ರೊಟ್ಟಿಯಿಂದಲ್ಲ, ರೊಟ್ಟಿಯ ಪಕ್ಕದಲ್ಲಿ ಬರೀ ಖಾರಪುಡಿ ಇದ್ದುದರಿಂದ. ಊಟದಲ್ಲಿ ಬೇರೆ ಬೇರೆ ಪದಾರ್ಥಗಳು ಸೇರಿದಂತೆ ಆ ರೋಗ ಅಪರೂಪವಾಯಿತು.

ಗಿರಣಿಯ ಹೆಂಗಸರು ಮತ್ತು ಲೂಸಿ ವಿಲ್ಸ್

ಈಗ ಮುಂಬಯಿಗೆ ಬರೋಣ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಪರೇಲಿನ ಹಾಫ್‌ಕಿನ್ ಸಂಸ್ಥೆಗೆ ಬಂದರು. ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸಿರಿನಲ್ಲಿ ವಿಪರೀತ ರಕ್ತಹೀನತೆಯಿಂದ ನರಳುತ್ತಿದ್ದರು, ಅನೇಕರು ಸಾಯುತ್ತಿದ್ದರು. ವಿಲ್ಸ್ ಅವರ ಅಡುಗೆಮನೆಗಳಲ್ಲಿ ಏನಿದೆ, ಏನಿಲ್ಲ ಎಂದು ನೋಡಿದರು. ಅಂಥದೇ ಆಹಾರವನ್ನು ಪ್ರಾಣಿಗಳಿಗೂ ಕೊಟ್ಟು ಪರೀಕ್ಷಿಸಿದರು. ಕೊನೆಗೆ ಯೀಸ್ಟಿನಿಂದ ತಯಾರಾದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಇದು ಪ್ರಕಟವಾಯಿತು. ಬಹುಕಾಲ ‘ವಿಲ್ಸ್ ಅಂಶ’ ಎಂದೇ ಕರೆದ ಆ ವಸ್ತು ಫೋಲೇಟ್. 1941ರಲ್ಲಿ ಪಾಲಕ್ ಎಲೆಗಳಿಂದ ಅದನ್ನು ಬೇರ್ಪಡಿಸಿದರು. ಇಂದು ಬಸುರಿಯರಿಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆಯ ಮೂಲ ಮುಂಬಯಿಯ ಗಿರಣಿ ಪ್ರದೇಶದಲ್ಲಿದೆ ಎಂಬುದು ನಮಗೆ ಹೆಮ್ಮೆಯ ಮಾತಲ್ಲವೇ?

ಫೋಲೇಟಿನ ಜೊತೆಗಾರ ಬಿ12. 1948ರಲ್ಲಿ ಇದು ಕೈಗೆ ಸಿಕ್ಕಿತು, 1956ರಲ್ಲಿ ಡೊರೊತಿ ಹಾಜ್‌ಕಿನ್ ಅದರ ರಚನೆಯನ್ನು ಬಿಡಿಸಿ ತೋರಿಸಿದರು. ರಕ್ತ ತಯಾರಾಗಲು, ನರಗಳ ಹೊದಿಕೆ ಗಟ್ಟಿಯಾಗಿರಲು ಇದು ಬೇಕು. ಇವೆರಡೂ ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುತ್ತದೆ, ಅದು ಏರಿದವರಲ್ಲಿ ಮೆದುಳು ಬೇಗ ಕುಗ್ಗುವುದು ಕಂಡುಬಂದಿದೆ.

ನಮ್ಮ ಮನೆಗಳಿಗೆ ತೀರ ಹತ್ತಿರದ ವಿಷಯ ಇದು. ಬಿ12 ಸಿಗುವುದು ಮೀನು, ಮೊಟ್ಟೆ, ಮಾಂಸ, ಹಾಲು, ಮೊಸರುಗಳಲ್ಲಿ. ಸೊಪ್ಪು-ತರಕಾರಿಯಲ್ಲಿ ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಸಾಕು ಎಂದು ಭರವಸೆ ಇಡುವಂತಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮ ವರ್ಗದ 441 ಗಂಡಸರ ರಕ್ತ ಪರೀಕ್ಷಿಸಿದ್ದರು. ಸುಮಾರು ಮೂರನೇ ಎರಡು ಭಾಗದಷ್ಟು ಜನರಲ್ಲಿ ಬಿ12 ಕಡಿಮೆ! ಅದೂ ಮಧ್ಯಮ ವರ್ಗದವರಲ್ಲೇ ಹೆಚ್ಚು. ರಕ್ತದಲ್ಲಿ ಕಡಿಮೆ ಇದ್ದವರಿಗೆಲ್ಲ ಕಾಯಿಲೆ ಇದೆಯೆಂದು ಅರ್ಥವಲ್ಲ. ಆದರೆ ವಯಸ್ಸಾದಂತೆ ಹೊಟ್ಟೆ ಇದನ್ನು ಹೀರುವ ಶಕ್ತಿ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಗುಳಿಗೆ, ಅಸಿಡಿಟಿಗೆ ಒಮೆಪ್ರಜೋಲಿನಂಥ ಗುಳಿಗೆ ನುಂಗುವವರಲ್ಲಿ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು. ಹಾಗೆಂದು ಆ ಗುಳಿಗೆಗಳನ್ನು ತಾವಾಗಿ ನಿಲ್ಲಿಸಬಾರದು, ಬಿ12 ನೋಡಿಸಬೇಕು ಅಷ್ಟೆ.

ಪಾದ ಜುಮ್ಮೆನ್ನುವುದು, ನಡೆಯುವಾಗ ತೂರಾಡುವುದು, ನಾಲಿಗೆ ಉರಿ, ಸುಸ್ತು, ಇವುಗಳ ಜೊತೆ ಮರೆವು ಬಂದರೆ ಅದು ಅಲ್ಝೈಮರ್ ಆಗಿರಲೇಬೇಕೆಂದಿಲ್ಲ. ಬೇಗ ಕಂಡುಹಿಡಿದು ಚಿಕಿತ್ಸೆ ಕೊಟ್ಟರೆ ಎಷ್ಟೋ ಸುಧಾರಿಸುತ್ತದೆ. ವರ್ಷಗಳು ಕಳೆದ ಮೇಲೆ ನರಕ್ಕಾದ ಹಾನಿ ಮರಳಿ ಸರಿಯಾಗದಿರಬಹುದು. ಬಿ1ರ ಕಥೆಯಲ್ಲಿ ಕೇಳಿದ ಮಾತೇ ಇಲ್ಲಿಯೂ ಬಂತು ನೋಡಿ. “ಅರವತ್ತಕ್ಕೆ ಅರಳುಮರಳು” ಎಂಬ ನಮ್ಮ ಗಾದೆ ಕಸಿದುಕೊಳ್ಳುವುದು ಈ ಅಮೂಲ್ಯ ಸಮಯವನ್ನೇ.

ಕೊರತೆಯ ಕಾಲ ಹೋಯಿತು, ಅತಿಯ ಕಾಲ ಬಂತು

1943ರಲ್ಲಿ ಮುಂಬಯಿಗೆ ರೇಷನ್ ಬಂದಾಗ ಅನ್ನದ ಮಂದಿ ಗೋಧಿ ತಿನ್ನಲು ಕಲಿತರು. 1972ರ ಬರದಲ್ಲಿ ಮಹಾರಾಷ್ಟ್ರದ ಜನ ಅಮೆರಿಕದ ಕೆಂಪು ಮಿಲೋ ಜೋಳ ತಿಂದದ್ದನ್ನು ಹಳಬರು ಇನ್ನೂ ನೆನೆಯುತ್ತಾರೆ. 1982ರ ಗಿರಣಿ ಮುಷ್ಕರದ ನಂತರ ಎಷ್ಟೋ ಮನೆಗಳ ಒಲೆಯೇ ತಣ್ಣಗಾಯಿತು. ನಮ್ಮ ಹಿಂದಿನ ತಲೆಮಾರು ಕಂಡದ್ದು ಇಲ್ಲದಿರುವ ಕಷ್ಟ.

ಆಮೇಲೆ ಕಾಲ ಬದಲಾಯಿತು. ಕೋಟೆ, ಮಾಟುಂಗಾದ ಕೋಣೆಗಳಿಂದ ಜನ ಡೊಂಬಿವಲಿಯ ಬ್ಲಾಕುಗಳಿಗೆ, 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಕಟ್ಟಿದ ನವಿಮುಂಬಯಿಯ ಮನೆಗಳಿಗೆ ಬಂದರು. ಹೋಟೆಲಿನಲ್ಲಿ ನಿಂತು ಓಡಾಡಿ ದುಡಿದ ದೇಹ ಈಗ ಕುರ್ಚಿಯ ಮೇಲೆ ಕುಳಿತಿದೆ. ತಟ್ಟೆಗೆ ಮೈದಾ, ಸಕ್ಕರೆ, ಕರಿದ ಎಣ್ಣೆ ಬಂತು. ಬೆಳಿಗ್ಗೆ ಚಹಾ-ಖಾರಿ, ಸಂಜೆ ವಡಾಪಾವ್, ಎರಡು ಹೊತ್ತೂ ಉಪ್ಪಿನಕಾಯಿ, ಹಪ್ಪಳ. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ತುಪ್ಪದ ಜಾಗ ಹಿಡಿದಿತ್ತು. ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬು ರಕ್ತನಾಳಕ್ಕೆ ಕೆಟ್ಟದ್ದೆಂದು ತಿಳಿದು, ಅದು ಶೇಕಡಾ 2ನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2022ರಲ್ಲಿ.

ಮೆದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಅದನ್ನು ಒಯ್ಯುವ ಕೂದಲೆಳೆಯಂಥ ರಕ್ತನಾಳಗಳನ್ನು ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಕೆಡಿಸುತ್ತವೆ. ಅಲ್ಝೈಮರ್ ಬಿಟ್ಟರೆ ಮರೆಗುಳಿತನಕ್ಕೆ ದೊಡ್ಡ ಕಾರಣ ಇದೇ. ಎಷ್ಟೋ ಜನರಲ್ಲಿ ಎರಡೂ ಕೂಡಿಯೇ ಇರುತ್ತವೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿದ ಪ್ರಕಾರ, ಹದಿನಾಲ್ಕು ಅಪಾಯಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಆ ಪಟ್ಟಿಯಲ್ಲಿ ‘ಆಹಾರ’ ಎಂಬ ಹೆಸರೇ ಇಲ್ಲ! ಆದರೆ ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೊಜ್ಜು, ಅತಿಯಾದ ಮದ್ಯ ಇವೆ. ಐದರಲ್ಲೂ ತಟ್ಟೆ-ಲೋಟಗಳ ಪಾಲಿದೆ. ಜೊತೆಗೆ ಕಿವಿ ಕೇಳದಿರುವುದು, ಒಂಟಿತನ, ಓದಿಲ್ಲದಿರುವುದು ಕೂಡ ಇವೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಕುಳಿತ ಹುಡುಗರು ತಮಗರಿಯದೆ ಮುಪ್ಪಿಗೂ ಒಂದಿಷ್ಟು ಠೇವಣಿ ಇಟ್ಟಿದ್ದರು ಎನ್ನಬಹುದು.

ಬಾದಾಮಿ, ಅರಸಿನದ ಮಾತೇನು?

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಲ್ಝೈಮರ್ ಬಹಳ ಕಡಿಮೆ ಎಂದು 1990ರ ದಶಕದ ಕೊನೆಗೆ, ಮತ್ತೆ 2001ರಲ್ಲಿ ವರದಿಗಳು ಬಂದಾಗ ಇದು ಅರಸಿನದ ಮಹಿಮೆ ಇರಬಹುದೇ ಎಂಬ ಮಾತು ಹಬ್ಬಿತು. ಆದರೆ ಅರಸಿನದ ಸಾರವನ್ನು ಅಲ್ಝೈಮರ್ ರೋಗಿಗಳಿಗೆ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ಲಾಭ ಕಾಣಿಸಲಿಲ್ಲ. ಸಾರಿಗೆ ಅರಸಿನ ಹಾಕುವುದನ್ನು ಬಿಡಬೇಕಿಲ್ಲ, ಅದನ್ನೇ ಮದ್ದೆಂದು ನಂಬಿ ಕೂರಬಾರದು.

ಸೊಪ್ಪು, ಕಾಳು, ಬೀಜ, ಮೀನು ಹೆಚ್ಚಿರುವ ‘ಮೈಂಡ್’ ಎಂಬ ಆಹಾರಕ್ರಮ 2015ರಿಂದ ಹೆಸರು ಮಾಡಿತು. ಅದನ್ನು ಅನುಸರಿಸುವವರಲ್ಲಿ ಅಲ್ಝೈಮರ್ ಕಡಿಮೆ ಕಂಡಿತ್ತು. ಆದರೆ ಅಮೆರಿಕದಲ್ಲಿ 604 ಹಿರಿಯರ ಮೇಲೆ ಮೂರು ವರ್ಷ ಪ್ರಯೋಗ ನಡೆಸಿ 2023ರಲ್ಲಿ ಫಲಿತಾಂಶ ಕೊಟ್ಟಾಗ, ಮಾಮೂಲು ಊಟವನ್ನೇ ಸ್ವಲ್ಪ ಕಡಿಮೆ ಮಾಡಿದವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮೂರು ವರ್ಷ ಸಾಲದೇನೋ, ಆ ವಯಸ್ಸಿಗೆ ಶುರು ಮಾಡಿದ್ದು ತಡವೇನೋ. ಆದರೆ ಊಟವೊಂದರಿಂದಲೇ ಪವಾಡ ಆಗದು ಎಂಬುದಂತೂ ಸ್ಪಷ್ಟ.

ಆಸೆ ಹುಟ್ಟಿಸಿದ್ದು ಫಿನ್ಲೆಂಡ್. ಅಲ್ಲಿ 60ರಿಂದ 77 ವರ್ಷದ 1,260 ಜನರಲ್ಲಿ ಅರ್ಧದಷ್ಟು ಮಂದಿಗೆ ಒಳ್ಳೆಯ ಊಟ, ವ್ಯಾಯಾಮ, ಬುದ್ಧಿಗೆ ಕಸರತ್ತು, ಬಿ.ಪಿ. ಮತ್ತು ಸಕ್ಕರೆಯ ಮೇಲೆ ಕಣ್ಣು, ಈ ನಾಲ್ಕನ್ನೂ ಒಟ್ಟಿಗೆ ಕೊಟ್ಟರು. ಎರಡು ವರ್ಷದ ನಂತರ ಅವರ ಬುದ್ಧಿಶಕ್ತಿ ಉಳಿದವರಿಗಿಂತ ಚೆನ್ನಾಗಿತ್ತು. ಇದು ಪ್ರಕಟವಾದದ್ದು 2015ರಲ್ಲಿ. 2025ರಲ್ಲಿ ಅಮೆರಿಕದ 2,111 ಜನರ ಪ್ರಯೋಗವೂ ಅದೇ ದಿಕ್ಕಿನ ಫಲ ತೋರಿಸಿತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಪರೀಕ್ಷಿಸುತ್ತಾ ಬರುವ ಅಧ್ಯಯನ ಕೈಗೊಂಡಿದೆ. ನಮ್ಮ ಮಣ್ಣಿನ, ನಮ್ಮ ಊಟದ ಉತ್ತರ ಅಲ್ಲಿಂದ ಬರಬೇಕಾಗಿದೆ.

ಹಾಗಾದರೆ ನಾವೇನು ಮಾಡೋಣ?

ಇತಿಹಾಸ ಹೇಳುವ ಪಾಠ ಇಷ್ಟೆ. ನೆನಪಿಗೆಂದೇ ಒಂದು ಪದಾರ್ಥ ಇಲ್ಲ. ಊಟದಿಂದ ಏನೋ ಒಂದು ಕಳೆದುಹೋದಾಗ ಬುದ್ಧಿ ಕೆಟ್ಟದ್ದುಂಟು. ಅಕ್ಕಿಯಿಂದ ತೌಡು ಹೋದಾಗ, ರೊಟ್ಟಿಯ ಪಕ್ಕದಿಂದ ಶೇಂಗಾ ಹೋದಾಗ, ಗಿರಣಿ ಹೆಂಗಸಿನ ತಟ್ಟೆಯಿಂದ ಸೊಪ್ಪು ಹೋದಾಗ. ಆದ್ದರಿಂದ ತಟ್ಟೆ ತುಂಬಿರಲಿ. ಅನ್ನ ಸ್ವಲ್ಪ ಕಡಿಮೆ, ಅದರ ಸುತ್ತ ಬಸಳೆ, ಹರಿವೆ, ಹೆಸರು, ಹುರುಳಿ, ಮೊಸರು. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ; ಕರಿದದ್ದಕ್ಕಿಂತ ಗಸಿ ಲೇಸು. ಕುಚ್ಚಲಕ್ಕಿಯಲ್ಲೂ ಸಕ್ಕರೆ ಏರಿಸುವ ಪಿಷ್ಟ ಇದ್ದೇ ಇದೆ, ಆದ್ದರಿಂದ ಹಿತಮಿತ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ ಭರಣಿ ಊಟದ ಮೇಜಿನ ಮೇಲೆ ಬೇಡ, ಕಪಾಟಿನಲ್ಲಿರಲಿ. ಕುಡಿಯುವ ಅಭ್ಯಾಸ ಇದ್ದವರು ಕೊರ್ಸಕೋವ್‌ನ ರೋಗಿಗಳನ್ನು ನೆನಪಿಸಿಕೊಳ್ಳಲಿ.

ಮನೆಯಲ್ಲಿ ಒಬ್ಬರೇ ಇರುವ ಹಿರಿಯರನ್ನು ವಿಶೇಷವಾಗಿ ಗಮನಿಸಿ. ನವಿಮುಂಬಯಿಯ ಫ್ಲಾಟಿನಲ್ಲಿ ಒಂಟಿಯಾಗಿರುವ ಅತ್ತೆಯೋ ದೊಡ್ಡಮ್ಮನೋ “ನನ್ನೊಬ್ಬಳಿಗೆ ಯಾಕೆ ಪಲ್ಯ ಮಾಡಲಿ” ಎಂದು ಮಜ್ಜಿಗೆ-ಅನ್ನ, ಚಹಾ-ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಿರಬಹುದು. ಅವರಿಗೆ ಫೋನ್ ಮಾಡಿದಾಗ “ಊಟ ಆಯ್ತಾ?” ಎಂದಷ್ಟೇ ಕೇಳಬೇಡಿ, “ಊಟಕ್ಕೆ ಏನಿತ್ತು?” ಎಂದೂ ಕೇಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು. ಹಿರಿಯರು ಹೊಸದಾಗಿ ಮರೆಯತೊಡಗಿದರೆ ಗಾದೆ ಹೇಳಿ ಸುಮ್ಮನಾಗಬೇಡಿ. ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಿ12, ಥೈರಾಯ್ಡ್, ಸಕ್ಕರೆ, ಬಿ.ಪಿ., ಜೊತೆಗೆ ಕಿವಿ ಮತ್ತು ಮನಸ್ಸಿನ ಬೇಸರವನ್ನೂ ನೋಡಿಸಿ. ಇವುಗಳಲ್ಲಿ ಯಾವುದಾದರೂ ಕಾರಣವಾಗಿದ್ದರೆ ಚಿಕಿತ್ಸೆ ಇದೆ. ಅಲ್ಝೈಮರ್ ಎಂದೇ ತಿಳಿದರೂ ಮುಂದಿನ ವರ್ಷಗಳಿಗೆ ಮನೆಮಂದಿ ಸಿದ್ಧರಾಗಲು ಸಮಯ ಸಿಗುತ್ತದೆ. ಅದು ಯಾರ ತಪ್ಪೂ ಅಲ್ಲ, ಒಳ್ಳೆಯ ಊಟ ಉಂಡವರಿಗೂ ಅದು ಬರುತ್ತದೆ.

ಡೊಂಬಿವಲಿಯ ಆ ಮನೆಗೆ ಮರಳೋಣ. ನಾಲ್ಕನೆಯ ಸಲ ಹಾಲಿನವನ ಲೆಕ್ಕ ಕೇಳಿದ ಮಾವನಿಗೆ ಸೊಸೆ ಮತ್ತೆ, “ಕೊಟ್ಟಾಯ್ತು ಮಾವ” ಎನ್ನುತ್ತಾಳೆ. ಆದರೆ ಈ ಸಲ ಮಗ ಬಂದ ಮೇಲೆ ಆಕೆ ಇನ್ನೊಂದು ಮಾತನ್ನೂ ಹೇಳಲಿ: “ರೀ, ಈ ಭಾನುವಾರ ಮಾವನನ್ನು ಡಾಕ್ಟರಿಗೆ ತೋರಿಸಿ ಬರೋಣ.” ನಮಗೆಲ್ಲ ಅನ್ನ ಬಡಿಸಿದ ಕೈಗಳಿಗೆ ನಾವು ಅಷ್ಟಾದರೂ ಮಾಡಬೇಡವೇ?